ಬಾಗಿಲು ಮುಚ್ಚಿ ಗಳಿಸಿದ ಸಮಯ: ರೂಪಾಂತರಿ ವೈರಾಣುವಿನ ಎದುರು ನ್ಯೂಜಿಲೆಂಡ್ ಸರ್ಕಾರ

ಪ್ರಸ್ತಾವನೆ

ಕೋವಿಡ್ ಕಾಲದ ನ್ಯೂಜಿಲೆಂಡ್ ಬಗ್ಗೆ ಡನೀಡಿನ್‌ನ ಕನ್ನಡ ಮನೆಗಳಲ್ಲಿ ಇಂದಿಗೂ ಎರಡು ಬಗೆಯ ಮಾತು ಕೇಳಿಬರುತ್ತದೆ. ಒಂದು ಕೃತಜ್ಞತೆಯದು: ಜಗತ್ತಿನ ದೊಡ್ಡ ನಗರಗಳು ಸಾವುಗಳನ್ನು ಎಣಿಸುತ್ತಿದ್ದಾಗ ಇಲ್ಲಿ ಮಕ್ಕಳು ಶಾಲೆಗೆ ಹೋದರು, ದೊಡ್ಡವರು ಕೆಲಸಕ್ಕೆ ಹೋದರು, ಆಸ್ಪತ್ರೆಗಳು ಕುಸಿಯಲಿಲ್ಲ. ಇನ್ನೊಂದು ನೋವಿನದು: ಊರಿನಲ್ಲಿ ತಂದೆತಾಯಿ ಆಮ್ಲಜನಕಕ್ಕಾಗಿ ಪರದಾಡುತ್ತಿದ್ದಾಗ ಹೋಗಲು ಧೈರ್ಯವಾಗಲಿಲ್ಲ, ಏಕೆಂದರೆ ಹೋದರೆ ಮರಳಿ ಬರುವ ಖಾತ್ರಿ ಇರಲಿಲ್ಲ. ಸಾಮಾನ್ಯವಾಗಿ ಮೊದಲ ಮಾತು ಆಡುವವರು ಎರಡನೆಯದನ್ನು ಕೃತಘ್ನತೆ ಎನ್ನುತ್ತಾರೆ. ಎರಡನೆಯದನ್ನು ಆಡುವವರು ಮೊದಲನೆಯದನ್ನು ಸರ್ಕಾರದ ಹೊಗಳಿಕೆ ಎನ್ನುತ್ತಾರೆ. ಎರಡೂ ನಿಜ. ಅವೆರಡನ್ನೂ ಒಟ್ಟಿಗೆ ಹಿಡಿದು ನೋಡುವುದೇ ವಿಮರ್ಶೆಯ ಕೆಲಸ.

ಈ ಲೇಖನದಲ್ಲಿ ಒಂದು ನಿರ್ದಿಷ್ಟ ಪ್ರಶ್ನೆಯನ್ನು ಮಾತ್ರ ಪರಿಶೀಲಿಸಲಾಗಿದೆ. ವೈರಾಣುವಿನ ಹೊಸ ರೂಪಾಂತರಿ ಕಾಣಿಸಿಕೊಂಡಾಗ ನ್ಯೂಜಿಲೆಂಡ್ ಸರ್ಕಾರ ಏನು ಮಾಡಿತು, ಅದರಲ್ಲಿ ಯಾವುದು ಕೆಲಸ ಮಾಡಿತು, ಯಾವುದು ಮಾಡಲಿಲ್ಲ? 2021ರ ಏಪ್ರಿಲ್‌ನಿಂದ 2022ರ ಮಾರ್ಚ್‌ವರೆಗಿನ ಒಂದು ವರ್ಷ ಇದಕ್ಕೆ ಸಾಕಷ್ಟು ಪುರಾವೆ ಕೊಡುತ್ತದೆ. ಆ ವರ್ಷದಲ್ಲಿ ಭಾರತದ ಪ್ರಯಾಣಿಕರ ಮೇಲಿನ ನಿಷೇಧ, ಡೆಲ್ಟಾ, ಒಮಿಕ್ರಾನ್ ಈ ಮೂರೂ ಬಂದುಹೋದವು. ನನ್ನ ವಾದ ಇಷ್ಟೇ: ಎಲ್ಲ ಪ್ರಯಾಣಿಕರಿಗೂ, ಎಲ್ಲ ನಿವಾಸಿಗಳಿಗೂ ಸಮನಾಗಿ ಅನ್ವಯಿಸಿದ ಕ್ರಮಗಳು ದೇಶವನ್ನು ಕಾಪಾಡಿದವು. ದೇಶದ ಹೆಸರನ್ನೂ ಪಾಸ್‌ಪೋರ್ಟನ್ನೂ ನೋಡಿ ಹಾಕಿದ ಗೆರೆಗಳು ಕಾಪಾಡಿದ್ದು ಕಡಿಮೆ, ಗಾಯ ಮಾಡಿದ್ದು ಹೆಚ್ಚು.

ಮುಚ್ಚಿದ ಬಾಗಿಲಿನ ಹಿಂದಿನ ತರ್ಕ

ಊರು ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ ಎಂಬ ಗಾದೆ ನಮಗೆಲ್ಲ ಗೊತ್ತು. ನ್ಯೂಜಿಲೆಂಡ್ ಮಾಡಿದ್ದು ಅದರ ವಿರುದ್ಧದ ಕೆಲಸ. 2020ರ ಫೆಬ್ರವರಿ 28ರಂದು ಮೊದಲ ಪ್ರಕರಣ ದೃಢಪಟ್ಟಿತು. ಮಾರ್ಚ್ 19ರ ರಾತ್ರಿ ಪ್ರಜೆಗಳು ಮತ್ತು ನಿವಾಸಿಗಳನ್ನು ಬಿಟ್ಟು ಉಳಿದವರಿಗೆ ಗಡಿ ಮುಚ್ಚಿತು. ಮಾರ್ಚ್ 25ರ ರಾತ್ರಿಯಿಂದ ಇಡೀ ದೇಶ ನಾಲ್ಕನೇ ಹಂತದ ಲಾಕ್‌ಡೌನ್‌ಗೆ ಹೋಯಿತು. ಏಪ್ರಿಲ್‌ನಿಂದ ಹೊರಗಿನಿಂದ ಬಂದ ಪ್ರತಿಯೊಬ್ಬರೂ ಸರ್ಕಾರ ನಡೆಸುವ ಹೋಟೆಲ್‌ಗಳಲ್ಲಿ ಪ್ರತ್ಯೇಕವಾಗಿ ಇರಬೇಕಾಯಿತು. ಇದನ್ನೇ ನಾವೆಲ್ಲ ಎಂಐಕ್ಯು ಎಂಬ ಹೆಸರಿನಲ್ಲಿ ಬಲ್ಲೆವು. ಜೂನ್ 8ರ ಹೊತ್ತಿಗೆ ದೇಶದಲ್ಲಿ ಒಂದೂ ಸಕ್ರಿಯ ಪ್ರಕರಣ ಉಳಿದಿರಲಿಲ್ಲ.

ಈ ನೀತಿಗೆ ನಮ್ಮ ಒಟಾಗೊ ವಿಶ್ವವಿದ್ಯಾಲಯದ ಕೊಡುಗೆ ದೊಡ್ಡದು. ಅದರ ವೆಲ್ಲಿಂಗ್ಟನ್ ವಿಭಾಗದ ಮೈಕೆಲ್ ಬೇಕರ್ ಮತ್ತು ನಿಕ್ ವಿಲ್ಸನ್, ಸೋಂಕನ್ನು ತಗ್ಗಿಸಿದರೆ ಸಾಲದು, ನಿರ್ಮೂಲ ಮಾಡಬೇಕು ಎಂದು ಮೊದಲಿನಿಂದಲೂ ವಾದಿಸಿದರು. ಡನೀಡಿನ್‌ನ ಸಾಂಕ್ರಾಮಿಕ ರೋಗತಜ್ಞ, ವಿಶ್ವವಿದ್ಯಾಲಯದ ಮಾಜಿ ಕುಲಪತಿ ಡೇವಿಡ್ ಸ್ಕೆಗ್ 2021ರಲ್ಲಿ ಸರ್ಕಾರಕ್ಕೆ ಸಲಹೆ ಕೊಡುವ ತಂತ್ರ ಸಮಿತಿಯ ಅಧ್ಯಕ್ಷರಾದರು. ಇಲ್ಲಿಯೇ ಕೆಲಸ ಮಾಡುವ ಜೆಮ್ಮಾ ಗೇಗನ್ ಅವರು ಇಎಸ್‌ಆರ್ ಎಂಬ ಸರ್ಕಾರಿ ವಿಜ್ಞಾನ ಸಂಸ್ಥೆಯೊಂದಿಗೆ ಸೇರಿ ವೈರಾಣುವಿನ ಜೀನೋಮ್ ಓದಿ, ಯಾವ ಸೋಂಕು ಎಲ್ಲಿಂದ ಬಂತು ಎಂಬ ವಂಶಾವಳಿ ಹೇಳುವ ಕೆಲಸದಲ್ಲಿ ಮುಂಚೂಣಿಯಲ್ಲಿದ್ದರು. ಆ ವಂಶಾವಳಿ ಈ ಲೇಖನದ ವಾದಕ್ಕೆ ಮುಖ್ಯ. ಅದಕ್ಕೆ ಮುಂದೆ ಬರೋಣ.

ಬಾಗಿಲು ಮುಚ್ಚುವುದರ ಬೆಲೆ ಏನೆಂದು ಪೆಸಿಫಿಕ್ ಜನರಿಗೆ ಪಾಠ ಹೇಳಬೇಕಾಗಿರಲಿಲ್ಲ. ಆಕ್ಲೆಂಡ್‌ನಿಂದ ಹೊರಟ ತಲೂನೆ ಎಂಬ ಹಡಗು 1918ರ ನವೆಂಬರ್‌ನಲ್ಲಿ ಇನ್‌ಫ್ಲುಯೆಂಜಾವನ್ನು ಪಶ್ಚಿಮ ಸಮೋವಾಕ್ಕೆ ಒಯ್ದಿತು. ನ್ಯೂಜಿಲೆಂಡ್ ಆಡಳಿತವಿದ್ದ ಆ ದ್ವೀಪಗಳಲ್ಲಿ ಹಡಗನ್ನು ತಡೆಯಲಿಲ್ಲ. ಜನಸಂಖ್ಯೆಯ ಸುಮಾರು ಐದನೇ ಒಂದು ಭಾಗ ಸತ್ತುಹೋಯಿತು. ಪಕ್ಕದ ಅಮೆರಿಕನ್ ಸಮೋವಾ ಹಡಗುಗಳನ್ನು ತಡೆದು ನಿಲ್ಲಿಸಿತು. ಅಲ್ಲಿ ಆ ರೋಗದಿಂದ ಯಾರೂ ಸಾಯಲಿಲ್ಲ. ಆದ್ದರಿಂದ ಗಡಿ ಮುಚ್ಚಿದ್ದೇ ತಪ್ಪು ಎಂಬ ವಾದವನ್ನು ಈ ಲೇಖನ ಒಪ್ಪುವುದಿಲ್ಲ. ಎಂಐಕ್ಯು ಇಲ್ಲದಿದ್ದರೆ ಲಸಿಕೆ ಬರುವ ಮೊದಲೇ ಸಾವಿರಾರು ಜನರನ್ನು ನಾವು ಕಳೆದುಕೊಳ್ಳುತ್ತಿದ್ದೆವು. ಪ್ರಶ್ನೆ ಇರುವುದು ಬಾಗಿಲನ್ನು ಯಾರ ಮುಖಕ್ಕೆ, ಯಾವ ಅಳತೆಯಿಂದ ಮುಚ್ಚಲಾಯಿತು ಎಂಬುದರಲ್ಲಿ.

ಭಾರತ ಎಂಬ ಹೆಸರಿನ ಮೇಲೆ ಗೆರೆ

2021ರ ಏಪ್ರಿಲ್ 8ರಂದು ಪ್ರಧಾನಿ ಜಸಿಂಡಾ ಆರ್ಡರ್ನ್ ಭಾರತದಿಂದ ಬರುವ ಎಲ್ಲರ ಪ್ರವೇಶವನ್ನೂ ತಾತ್ಕಾಲಿಕವಾಗಿ ನಿಲ್ಲಿಸುವುದಾಗಿ ಪ್ರಕಟಿಸಿದರು. ಅಂದು ಗಡಿಯಲ್ಲಿ ಪತ್ತೆಯಾಗಿದ್ದ 23 ಹೊಸ ಸೋಂಕುಗಳಲ್ಲಿ 17 ಭಾರತದಿಂದ ಬಂದವರಲ್ಲಿದ್ದವು. ಏಪ್ರಿಲ್ 11ರ ಸಂಜೆ 4 ಗಂಟೆಯಿಂದ 28ರವರೆಗೆ ನ್ಯೂಜಿಲೆಂಡ್ ಪ್ರಜೆಗಳೂ ಭಾರತದಿಂದ ಬರುವಂತಿರಲಿಲ್ಲ. ನಂತರ "ಅತಿ ಹೆಚ್ಚು ಅಪಾಯದ ದೇಶ" ಎಂಬ ಹೊಸ ವರ್ಗವನ್ನೇ ಮಾಡಿ ಭಾರತ, ಬ್ರೆಜಿಲ್, ಪಾಕಿಸ್ತಾನ, ಪಪುವಾ ನ್ಯೂಗಿನಿಗಳನ್ನು ಅದರಲ್ಲಿ ಸೇರಿಸಲಾಯಿತು. ಈ ದೇಶಗಳಿಂದ ಪ್ರಜೆಗಳು, ಅವರ ಸಂಗಾತಿಗಳು, ಅವಲಂಬಿತ ಮಕ್ಕಳು, ಪ್ರಜೆಗಳಾದ ಮಕ್ಕಳ ತಂದೆತಾಯಿ ಮಾತ್ರ ನೇರವಾಗಿ ಬರಬಹುದಿತ್ತು. ಉಳಿದ ನಿವಾಸಿಗಳು 14 ದಿನ ಬೇರೆ ದೇಶದಲ್ಲಿ ಕಳೆದು ಬರಬೇಕಿತ್ತು. ಭಾರತ ಆ ಪಟ್ಟಿಯಿಂದ ಹೊರಬಂದದ್ದು 2021ರ ಡಿಸೆಂಬರ್ ಆರಂಭದಲ್ಲಿ.

ಮೇಲ್ನೋಟಕ್ಕೆ ಇದು ನ್ಯಾಯವಾಗಿ ಕಾಣುತ್ತದೆ. ಪ್ರಜೆಗಳಿಗೆ ದೇಶಕ್ಕೆ ಮರಳುವ ಹಕ್ಕಿದೆ. 1990ರ ಹಕ್ಕುಗಳ ಕಾಯಿದೆಯ 18ನೇ ಕಲಂ ಅದನ್ನು ಪ್ರಜೆಗಳಿಗಷ್ಟೇ ಕೊಡುತ್ತದೆ. ಕಾನೂನಿನ ಪ್ರಕಾರ ಗೆರೆಯನ್ನು ಅಲ್ಲಿ ಎಳೆಯುವುದು ಸುಲಭ. ಆದರೆ ಆ ಗೆರೆ ಭಾರತೀಯ ಕುಟುಂಬಗಳ ಮೇಲೆ ಬೀಳುವ ರೀತಿ ಬೇರೆ. ಬ್ರಿಟನ್ನಿನಿಂದ ವಲಸೆ ಬಂದವರು ತಮ್ಮ ಹಳೆಯ ಪಾಸ್‌ಪೋರ್ಟನ್ನು ಉಳಿಸಿಕೊಂಡೇ ನ್ಯೂಜಿಲೆಂಡ್ ಪ್ರಜೆಗಳಾಗಬಹುದು. ಭಾರತದ ಕಾನೂನು ಉಭಯ ಪೌರತ್ವವನ್ನು ಒಪ್ಪುವುದಿಲ್ಲ. ಇಲ್ಲಿಯ ಪೌರತ್ವ ಪಡೆದ ದಿನವೇ ಅಲ್ಲಿಯದು ಹೋಗುತ್ತದೆ. ವಯಸ್ಸಾದ ತಂದೆತಾಯಿ, ಊರಿನ ತೋಟ, ಮುಂದೊಂದು ದಿನ ಮರಳುವ ಆಸೆ ಇವುಗಳಿಂದಾಗಿ ನಮ್ಮಲ್ಲಿ ಅನೇಕರು ಹತ್ತು ಹದಿನೈದು ವರ್ಷ ಇಲ್ಲಿ ನೆಲೆಸಿ, ಮನೆ ಕಟ್ಟಿ, ತೆರಿಗೆ ಕಟ್ಟಿ, ಖಾಯಂ ನಿವಾಸಿಗಳಾಗಿಯೇ ಉಳಿಯುತ್ತಾರೆ. ನ್ಯೂಜಿಲೆಂಡ್‌ನಲ್ಲಿ ಅಂಥ ನಿವಾಸಿ ಒಂದು ವರ್ಷ ವಾಸವಿದ್ದರೆ ಸಂಸತ್ತಿನ ಚುನಾವಣೆಯಲ್ಲಿ ಮತ ಹಾಕಬಹುದು. ಅಂದರೆ 2020ರ ಅಕ್ಟೋಬರ್‌ನಲ್ಲಿ ಸರ್ಕಾರವನ್ನು ಆರಿಸಿದ ವ್ಯಕ್ತಿಗೆ ಆರು ತಿಂಗಳ ನಂತರ ಅದೇ ಸರ್ಕಾರ ತನ್ನ ಮನೆಗೆ ನೇರವಾಗಿ ಬರಬೇಡ ಎಂದಿತು.

ಒಂದು ಸಂದರ್ಭವನ್ನು ಊಹಿಸಿಕೊಳ್ಳಿ. ಡನೀಡಿನ್‌ನ ಒಬ್ಬ ಎಂಜಿನಿಯರ್ ತಂದೆಯ ಅಂತ್ಯಕ್ರಿಯೆಗೆಂದು ಮಾರ್ಚ್‌ನಲ್ಲಿ ಹುಬ್ಬಳ್ಳಿಗೆ ಹೋಗಿದ್ದಾರೆ. ಹೆಂಡತಿ ಮಕ್ಕಳು ಇಲ್ಲಿದ್ದಾರೆ, ಎಲ್ಲರೂ ನಿವಾಸಿಗಳು. ನಿಯಮದ ಪ್ರಕಾರ ಅವರು ಬೇರೆ ದೇಶದಲ್ಲಿ 14 ದಿನ ಕಳೆಯಬೇಕು. ಎಲ್ಲಿ ಕಳೆಯುವುದು? ಏಪ್ರಿಲ್ ಕೊನೆಯ ವಾರದಲ್ಲಿ ಸಂಯುಕ್ತ ಅರಬ್ ಸಂಸ್ಥಾನವೂ ಸಿಂಗಪುರವೂ ಭಾರತದಿಂದ ಬರುವ ಅಂಥ ಪ್ರಯಾಣಿಕರನ್ನು ನಿಲ್ಲಿಸಿದ್ದವು. ಆಸ್ಟ್ರೇಲಿಯಾ ಇನ್ನೂ ಮುಂದೆ ಹೋಗಿ, ಮೇ 3ರಿಂದ 15ರವರೆಗೆ, 14 ದಿನಗಳ ಒಳಗೆ ಭಾರತದಲ್ಲಿದ್ದ ತನ್ನ ಪ್ರಜೆ ದೇಶಕ್ಕೆ ಬಂದರೂ ಅದು ಜೈಲು ಶಿಕ್ಷೆಗೆ ಒಳಪಡಬಹುದಾದ ಅಪರಾಧ ಎಂದಿತು. ಕಾಗದದ ಮೇಲೆ ತೆರೆದಿದ್ದ ದಾರಿ ನೆಲದ ಮೇಲೆ ಮುಚ್ಚಿತ್ತು. ತೆರೆದ ದಿನಗಳಲ್ಲೂ ಅದು ಮೂರನೇ ದೇಶದಲ್ಲಿ ಹೋಟೆಲ್ ಖರ್ಚು ಹೊರಬಲ್ಲವರ ದಾರಿಯಾಗಿತ್ತು. ಅದೇ ಹೊತ್ತಿಗೆ ಊರಿನಲ್ಲಿ ಏನಾಗುತ್ತಿತ್ತು ಎಂಬುದನ್ನು ನೆನಪಿಸಿಕೊಳ್ಳಿ: ಏಪ್ರಿಲ್ 27ರ ರಾತ್ರಿಯಿಂದ ಕರ್ನಾಟಕ ಮುಚ್ಚಿತು, ಮೇ ಮೊದಲ ವಾರದಲ್ಲಿ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಆಮ್ಲಜನಕದ ಕೊರತೆಯ ನಡುವೆ ಒಂದೇ ದಿನದಲ್ಲಿ 24 ರೋಗಿಗಳು ತೀರಿಕೊಂಡರು.

ಇಂಥ ಗೆರೆಯ ನೋವು ಕನ್ನಡಿಗರಿಗೆ ವಿದೇಶದಲ್ಲಿ ಮೊದಲು ಆದದ್ದೇನಲ್ಲ. 2020ರ ಮಾರ್ಚ್ ಕೊನೆಯಲ್ಲಿ ಕರ್ನಾಟಕ ಸರ್ಕಾರವೇ ತಲಪಾಡಿಯಲ್ಲಿ ಹೆದ್ದಾರಿಗೆ ಮಣ್ಣು ಸುರಿದು ಕಾಸರಗೋಡಿನ ದಾರಿ ಮುಚ್ಚಿತ್ತು. ಭಾಷೆ, ನೆಂಟಸ್ತಿಕೆ, ವ್ಯಾಪಾರ, ಆಸ್ಪತ್ರೆ ಎಲ್ಲಕ್ಕೂ ಮಂಗಳೂರನ್ನೇ ನೆಚ್ಚಿಕೊಂಡಿದ್ದ ಕಾಸರಗೋಡಿನ ರೋಗಿಗಳು ಗಡಿಯಲ್ಲೇ ಉಳಿದರು. ದಾರಿ ಸಿಗದೆ ಸತ್ತವರಿದ್ದಾರೆ. ಪ್ರಕರಣ ಕೇರಳ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋಗಿ, ತುರ್ತು ರೋಗಿಗಳಿಗೆ ದಾರಿ ಬಿಡುವುದೆಂದು ತೀರ್ಮಾನವಾಗುವ ಹೊತ್ತಿಗೆ ಏಪ್ರಿಲ್ ಮೊದಲ ವಾರ ಕಳೆದಿತ್ತು. ತಲಪಾಡಿಯಲ್ಲೂ ಆಕ್ಲೆಂಡ್ ವಿಮಾನ ನಿಲ್ದಾಣದಲ್ಲೂ ನಡೆದದ್ದು ಒಂದೇ: ಆಡಳಿತದ ನಕ್ಷೆಯಲ್ಲಿ ಇದ್ದ ಗೆರೆಯನ್ನು ರೋಗದ ಗೆರೆ ಎಂದು ಭಾವಿಸಿದರು, ಜನರ ಬದುಕು ಆ ಗೆರೆಯ ಎರಡೂ ಕಡೆ ಹರಡಿತ್ತು.

ಡೆಲ್ಟಾ ಬಂದ ದಾರಿ

ಭಾರತದಲ್ಲಿ ಮೊದಲು ಗುರುತಿಸಲಾದ ರೂಪಾಂತರಿಗೆ ವಿಶ್ವ ಆರೋಗ್ಯ ಸಂಸ್ಥೆ 2021ರ ಮೇ ಕೊನೆಯಲ್ಲಿ ಡೆಲ್ಟಾ ಎಂದು ಹೆಸರಿಟ್ಟಿತು. ದೇಶಗಳ ಹೆಸರಿನಿಂದ ರೋಗವನ್ನು ಕರೆಯಬಾರದು ಎಂಬುದೇ ಗ್ರೀಕ್ ಅಕ್ಷರಗಳ ಉದ್ದೇಶವಾಗಿತ್ತು. ಆ ಡೆಲ್ಟಾ ನ್ಯೂಜಿಲೆಂಡ್ ಸಮುದಾಯದಲ್ಲಿ ಕಾಣಿಸಿಕೊಂಡದ್ದು ಆಗಸ್ಟ್ 17ರಂದು. ಆಕ್ಲೆಂಡ್‌ನಲ್ಲಿ ಒಂದೇ ಒಂದು ಪ್ರಕರಣ ಸಿಕ್ಕಿತು. ಅದೇ ರಾತ್ರಿ ಡನೀಡಿನ್ ಸೇರಿ ಇಡೀ ದೇಶ ನಾಲ್ಕನೇ ಹಂತಕ್ಕೆ ಹೋಯಿತು. ಜೀನೋಮ್ ಓದಿದಾಗ ಆ ಸೋಂಕಿನ ಮೂಲ ಗೊತ್ತಾಯಿತು. ಅದು ಆಗಸ್ಟ್ ಮೊದಲ ವಾರದಲ್ಲಿ ಸಿಡ್ನಿಯಿಂದ ಬಂದು ಎಂಐಕ್ಯುನಲ್ಲಿದ್ದ ಪ್ರಯಾಣಿಕರೊಬ್ಬರ ಸೋಂಕಿಗೆ ಹೊಂದಿಕೆಯಾಗಿತ್ತು.

ಭಾರತದ ನಿವಾಸಿಗಳ ಮೇಲಿನ ಗೆರೆ ಆಗ ನಾಲ್ಕು ತಿಂಗಳಿಂದ ಜಾರಿಯಲ್ಲಿತ್ತು. ಭಾರತದ ರೂಪಾಂತರಿ ಎಂದು ಜನ ಕರೆಯುತ್ತಿದ್ದ ವೈರಾಣು ಸಿಡ್ನಿಯ ದಾರಿಯಲ್ಲಿ ಬಂದಿತು. ರೂಪಾಂತರಿಗೆ ಪಾಸ್‌ಪೋರ್ಟ್ ಇಲ್ಲ. ಅದು ಹರಡಿರುವ ಎಲ್ಲ ಕಡೆಯಿಂದಲೂ ಬರುತ್ತದೆ, ಮುಖ್ಯವಾಗಿ ಜನ ಹೆಚ್ಚು ಓಡಾಡುವ ದಾರಿಯಲ್ಲಿ ಬರುತ್ತದೆ. ಸಿಡ್ನಿಯವರನ್ನು ನಿಷೇಧಿಸಬೇಕಿತ್ತು ಎಂದು ನಾನು ಹೇಳುತ್ತಿಲ್ಲ. ಅವರನ್ನು ಬರಲು ಬಿಟ್ಟು, ಪ್ರತ್ಯೇಕವಾಗಿ ಇಟ್ಟು, ಪರೀಕ್ಷೆ ಮಾಡಿದ್ದು ಸರಿಯಾದ ದಾರಿ. ಅದೇ ದಾರಿ ಮಂಗಳೂರಿನವರಿಗೂ ಇರಬೇಕಿತ್ತು.

ಡನೀಡಿನ್ ಆ ಲಾಕ್‌ಡೌನ್‌ನಲ್ಲಿ ಎರಡು ವಾರ ಬಿಗಿಯಾಗಿ ಮುಚ್ಚಿ, ಆಗಸ್ಟ್ ಕೊನೆಯ ರಾತ್ರಿ ಮೂರನೇ ಹಂತಕ್ಕೆ, ಸೆಪ್ಟೆಂಬರ್ 7ರ ರಾತ್ರಿ ಎರಡನೇ ಹಂತಕ್ಕೆ ಇಳಿಯಿತು. ಆಕ್ಲೆಂಡ್‌ನ ಬಾಗಿಲು ಡಿಸೆಂಬರ್‌ವರೆಗೂ ಮುಚ್ಚಿತ್ತು. ಅಕ್ಟೋಬರ್ 4ರಂದು ನಿರ್ಮೂಲನ ನೀತಿಯಿಂದ ಹಂತಹಂತವಾಗಿ ಹೊರಬರುವುದಾಗಿ ಸರ್ಕಾರ ಒಪ್ಪಿಕೊಂಡಿತು. ಆ ಹೊತ್ತಿಗೆ ಮಾವೊರಿ ಜನರಲ್ಲಿ ಲಸಿಕೆಯ ಪ್ರಮಾಣ ಇತರರಿಗಿಂತ ಹಿಂದಿತ್ತು. ವಯಸ್ಸಿನ ಪ್ರಕಾರ ಲಸಿಕೆ ಕೊಟ್ಟಾಗ, ಯುವಕರೇ ಹೆಚ್ಚಿರುವ ಸಮುದಾಯ ತಾನಾಗಿ ಸಾಲಿನ ಕೊನೆಗೆ ಹೋಗುತ್ತದೆ. ಡಿಸೆಂಬರ್‌ನಲ್ಲಿ ವೈತಾಂಗಿ ನ್ಯಾಯಮಂಡಳಿ ಇದನ್ನೇ ಎತ್ತಿ ಹೇಳಿ, ಸರ್ಕಾರ ವೈತಾಂಗಿ ಒಪ್ಪಂದದ ತತ್ವಗಳನ್ನು ಮೀರಿದೆ ಎಂದು ತೀರ್ಪಿತ್ತಿತು. ಎಲ್ಲರಿಗೂ ಒಂದೇ ಎಂದು ಕಾಣುವ ನಿಯಮ ಎಲ್ಲರ ಮೇಲೂ ಒಂದೇ ರೀತಿ ಬೀಳುವುದಿಲ್ಲ ಎಂಬುದನ್ನು ನಾವು ನಮ್ಮ ಪಾಸ್‌ಪೋರ್ಟಿನಲ್ಲಿ ಕಂಡೆವು, ಅವರು ಲಸಿಕೆಯ ಸಾಲಿನಲ್ಲಿ ಕಂಡರು.

ಒಮಿಕ್ರಾನ್: ಅದೇ ಪಟ್ಟಿ, ಹೊಸ ಹೆಸರುಗಳು

2021ರ ನವೆಂಬರ್ 26ರಂದು ವಿಶ್ವ ಆರೋಗ್ಯ ಸಂಸ್ಥೆ ಒಮಿಕ್ರಾನ್ ಅನ್ನು ಕಳವಳಕಾರಿ ರೂಪಾಂತರಿ ಎಂದು ಘೋಷಿಸಿತು. ದಕ್ಷಿಣ ಆಫ್ರಿಕಾದ ವಿಜ್ಞಾನಿಗಳು ಅದನ್ನು ಬೇಗ ಗುರುತಿಸಿ, ಮುಚ್ಚಿಡದೆ ಜಗತ್ತಿಗೆ ತಿಳಿಸಿದ್ದರು. ನವೆಂಬರ್ 28ರ ರಾತ್ರಿಯಿಂದ ನ್ಯೂಜಿಲೆಂಡ್ ದಕ್ಷಿಣ ಆಫ್ರಿಕಾ, ನಮೀಬಿಯಾ, ಜಿಂಬಾಬ್ವೆ, ಬೋಟ್ಸ್‌ವಾನಾ, ಲೆಸೊಥೊ, ಎಸ್ವಾತಿನಿ, ಸೇಶೆಲ್ಸ್, ಮಲಾವಿ, ಮೊಜಾಂಬಿಕ್ ಈ ಒಂಬತ್ತು ದೇಶಗಳನ್ನು ಅದೇ ಅತಿ ಹೆಚ್ಚು ಅಪಾಯದ ಪಟ್ಟಿಗೆ ಸೇರಿಸಿತು. ಭಾರತವನ್ನು ಪಟ್ಟಿಯಿಂದ ತೆಗೆಯುವ ಪ್ರಕಟಣೆ ಹೊರಬಿದ್ದದ್ದೂ ಅದೇ ದಿನಗಳಲ್ಲಿ. ನಮ್ಮ ಕೊರಳಿನ ಹಲಗೆ ಇಳಿದು ಇನ್ನೊಬ್ಬರ ಕೊರಳಿಗೆ ಹೋಯಿತು. ರೋಗವನ್ನು ಮೊದಲು ಕಂಡು ಹೇಳಿದವನಿಗೇ ದಂಡ ಹಾಕಿದರೆ ಮುಂದಿನ ಬಾರಿ ಯಾರು ಬೇಗ ಹೇಳುತ್ತಾರೆ? ಈ ಪ್ರಶ್ನೆ ನ್ಯೂಜಿಲೆಂಡ್ ಒಂದಕ್ಕೇ ಅಲ್ಲ, ಹಾಗೆ ಮಾಡಿದ ಎಲ್ಲ ಶ್ರೀಮಂತ ದೇಶಗಳಿಗೂ ಸಲ್ಲುತ್ತದೆ.

ಪಟ್ಟಿ ಎಷ್ಟು ಕೆಲಸ ಮಾಡಿತು ಎಂಬುದಕ್ಕೆ ಎರಡು ಉದಾಹರಣೆ ಸಾಕು. ಭಾರತದಲ್ಲಿ ಒಮಿಕ್ರಾನ್ ಮೊದಲು ಪತ್ತೆಯಾದದ್ದು ನಮ್ಮ ಬೆಂಗಳೂರಿನಲ್ಲಿ, ಡಿಸೆಂಬರ್ 2ರಂದು. ಇಬ್ಬರು ಸೋಂಕಿತರಲ್ಲಿ ಒಬ್ಬರು ದಕ್ಷಿಣ ಆಫ್ರಿಕಾದಿಂದ ಬಂದವರು. ಜಗತ್ತು ಆ ಹೆಸರನ್ನು ಕೇಳುವ ಮೊದಲೇ ಬಂದು, ಫಲಿತಾಂಶ ಹೊರಬೀಳುವ ಮೊದಲೇ ದುಬೈಗೆ ಹೊರಟುಹೋಗಿದ್ದರು. ಇನ್ನೊಬ್ಬರು ವಿದೇಶ ಪ್ರಯಾಣವನ್ನೇ ಮಾಡಿರದ ಬೆಂಗಳೂರಿನ ನಿವಾಸಿ. ರೂಪಾಂತರಿಗೆ ಹೆಸರು ಬರುವ ಹೊತ್ತಿಗೆ ಅದು ಆಗಲೇ ಊರೊಳಗಿತ್ತು. ನ್ಯೂಜಿಲೆಂಡ್‌ನ ಗಡಿಯಲ್ಲಿ ಮೊದಲ ಒಮಿಕ್ರಾನ್ ಪ್ರಕರಣ ಪ್ರಕಟವಾದದ್ದು ಡಿಸೆಂಬರ್ 16ರಂದು. ಆ ಪ್ರಯಾಣಿಕರು ಬಂದದ್ದು ಒಂಬತ್ತು ದೇಶಗಳಲ್ಲಿ ಯಾವುದರಿಂದಲೂ ಅಲ್ಲ, ಜರ್ಮನಿಯಿಂದ ದುಬೈ ಮೂಲಕ. ಅವರನ್ನು ಹಿಡಿದದ್ದು ಪಟ್ಟಿಯಲ್ಲ. ಎಲ್ಲಿಂದ ಬಂದರೂ ಎಲ್ಲರೂ ಕ್ವಾರಂಟೈನ್‌ನಲ್ಲಿ ಇರಬೇಕು, ಎಲ್ಲರೂ ಪರೀಕ್ಷೆಗೆ ಒಳಗಾಗಬೇಕು ಎಂಬ ನಿಯಮ ಅವರನ್ನು ಕ್ರೈಸ್ಟ್‌ಚರ್ಚ್‌ನ ಹೋಟೆಲಿನಲ್ಲಿ ಹಿಡಿಯಿತು.

ಇಲ್ಲಿಂದ ಮುಂದೆ ಸರ್ಕಾರ ಮಾಡಿದ ಕೆಲಸದಲ್ಲಿ ಮೆಚ್ಚಬೇಕಾದದ್ದು ಬಹಳಷ್ಟಿದೆ. ಡಿಸೆಂಬರ್ 21ರಂದು ಗಡಿ ತೆರೆಯುವುದನ್ನು ಫೆಬ್ರವರಿ ಕೊನೆಗೆ ಮುಂದೂಡಿತು, ಪ್ರಯಾಣಕ್ಕೆ ಮುಂಚಿನ ಪರೀಕ್ಷೆಯ ಅವಧಿಯನ್ನು 72 ಗಂಟೆಯಿಂದ 48ಕ್ಕೆ ಇಳಿಸಿತು, ಎಂಐಕ್ಯು ವಾಸವನ್ನು 10 ದಿನಕ್ಕೆ ಏರಿಸಿತು, ಬೂಸ್ಟರ್ ಲಸಿಕೆಯ ಅಂತರವನ್ನು ಆರು ತಿಂಗಳಿಂದ ನಾಲ್ಕಕ್ಕೆ, ನಂತರ ಫೆಬ್ರವರಿಯಲ್ಲಿ ಮೂರಕ್ಕೆ ತಂದಿತು. ಜನವರಿ 17ರಿಂದ 5ರಿಂದ 11 ವರ್ಷದ ಮಕ್ಕಳಿಗೆ ಲಸಿಕೆ ಶುರುವಾಯಿತು. ಆಕ್ಲೆಂಡ್‌ನ ಮದುವೆಯೊಂದಕ್ಕೆ ಹೋಗಿ ಬಂದ ಕುಟುಂಬದಲ್ಲಿ ಸೋಂಕು ಕಂಡಾಗ, ಜನವರಿ 23ರ ರಾತ್ರಿಯಿಂದ ಇಡೀ ದೇಶ ಕೆಂಪು ದೀಪದ ನಿಯಮಕ್ಕೆ ಬಂತು. ಪ್ರಧಾನಿ ತಮ್ಮ ಮದುವೆಯನ್ನೇ ನಿಲ್ಲಿಸಿದರು. ಇವೆಲ್ಲ ಎಲ್ಲರಿಗೂ ಅನ್ವಯಿಸಿದ ಕ್ರಮಗಳು ಎಂಬುದನ್ನು ಗಮನಿಸಬೇಕು. ಫೆಬ್ರವರಿಯಲ್ಲಿ ಡನೀಡಿನ್‌ನ ವಿದ್ಯಾರ್ಥಿಗಳ ಮನೆಗಳಲ್ಲಿ ಸೋಂಕು ಹಬ್ಬಿತು. ಮಾರ್ಚ್ ಆರಂಭದಲ್ಲಿ ದೇಶದಲ್ಲಿ ದಿನಕ್ಕೆ 20,000ಕ್ಕೂ ಹೆಚ್ಚು ಪ್ರಕರಣಗಳು ವರದಿಯಾದವು. ಆದರೆ ಆ ಅಲೆ ಬಡಿದದ್ದು ಲಸಿಕೆ ಪಡೆದ ಜನರ ಮೇಲೆ. ಒಮಿಕ್ರಾನ್ ಹರಡುವ ಮುನ್ನ, ಎರಡು ವರ್ಷಗಳಲ್ಲಿ ಕೋವಿಡ್‌ನಿಂದ ಸತ್ತವರು ಸುಮಾರು 50. 2022ರ ಕೊನೆಗೆ ಆ ಸಂಖ್ಯೆ 2,000 ದಾಟಿತು. ಅದು ಸಣ್ಣ ಸಂಖ್ಯೆಯಲ್ಲ. ಆದರೂ ಆಗ ಸುಮಾರು 51 ಲಕ್ಷ ಜನರಿದ್ದ ಈ ದೇಶ ಹೆಚ್ಚುವರಿ ಸಾವುಗಳ ಲೆಕ್ಕದಲ್ಲಿ ಜಗತ್ತಿನಲ್ಲೇ ಅತಿ ಕಡಿಮೆ ನಷ್ಟ ಕಂಡ ದೇಶಗಳ ಸಾಲಿನಲ್ಲಿದೆ.

ಗಳಿಸಿದ ಸಮಯ ಪೋಲಾದ ಕಡೆ

ಬಾಗಿಲು ಮುಚ್ಚಿದರೆ ಸಿಗುವುದು ಸಮಯ. ಆ ಸಮಯವನ್ನು ಹೇಗೆ ಬಳಸಲಾಯಿತು ಎಂದು ಕೇಳುವುದು ಅದರ ಬೆಲೆ ತೆತ್ತವರ ಹಕ್ಕು. ಎರಡು ಕಡೆ ಸರ್ಕಾರ ಎಡವಿತು.

ಮೊದಲನೆಯದು ಪರೀಕ್ಷೆ. ಮನೆಯಲ್ಲೇ ಮಾಡಿಕೊಳ್ಳುವ ರ್‍ಯಾಪಿಡ್ ಪರೀಕ್ಷೆಗಳು ಯುರೋಪಿನಲ್ಲಿ ಅಂಗಡಿಯ ಸಾಮಾನಾಗಿದ್ದಾಗ ಇಲ್ಲಿ ಅವುಗಳ ಆಮದಿಗೇ ತಡೆಯಿತ್ತು. ಶಂಖದಿಂದ ಬಿದ್ದರೆ ಮಾತ್ರ ತೀರ್ಥ ಎಂಬಂತೆ, ಪ್ರಯೋಗಾಲಯದಿಂದ ಬಂದ ಪಿಸಿಆರ್ ಫಲಿತಾಂಶವೇ ಫಲಿತಾಂಶ ಎಂದು ಆರೋಗ್ಯ ಸಚಿವಾಲಯ ನಂಬಿತ್ತು. ನಿರ್ಮೂಲನದ ಕಾಲಕ್ಕೆ ಆ ನಂಬಿಕೆ ಸರಿಯಿತ್ತು. ಒಂದೂ ಸೋಂಕು ತಪ್ಪಿಹೋಗಬಾರದಿದ್ದಾಗ ನಿಖರತೆಯೇ ಮುಖ್ಯ. ಒಮಿಕ್ರಾನ್ ಕಾಲಕ್ಕೆ ವೇಗ ಮುಖ್ಯವಾಯಿತು. ಜನವರಿಯಲ್ಲಿ ರ್‍ಯಾಪಿಡ್ ಪರೀಕ್ಷೆಗಳಿಗಾಗಿ ಖಾಸಗಿ ಕಂಪನಿಗಳೂ ಸರ್ಕಾರವೂ ಜಗಳವಾಡುವ ಸ್ಥಿತಿ ಬಂತು. ಫೆಬ್ರವರಿ ಕೊನೆಗೆ ಪಿಸಿಆರ್ ಮಾದರಿಗಳು ಸಾವಿರಾರು ಸಂಖ್ಯೆಯಲ್ಲಿ ಬಾಕಿ ಉಳಿದು, ಕೆಲವನ್ನು ಆಸ್ಟ್ರೇಲಿಯಾಕ್ಕೆ ಕಳುಹಿಸಬೇಕಾಯಿತು. ಎರಡು ವರ್ಷ ಸಮಯವಿದ್ದ ದೇಶಕ್ಕೆ ಇದು ಶೋಭೆಯಲ್ಲ.

ಎರಡನೆಯದು ಎಂಐಕ್ಯು ಕೋಣೆಗಳ ಹಂಚಿಕೆ. 2021ರ ಸೆಪ್ಟೆಂಬರ್ 20ರಂದು ನಡೆದ ಮೊದಲ ಆನ್‌ಲೈನ್ ಲಾಟರಿಯಲ್ಲಿ ಸುಮಾರು 3,200 ಕೋಣೆಗಳಿಗೆ 30,000ಕ್ಕೂ ಹೆಚ್ಚು ಜನ ಸಾಲು ನಿಂತರು. ಸಾಯುತ್ತಿರುವ ತಾಯಿಯನ್ನು ನೋಡಬೇಕಾದವರಿಗೂ ರಜೆ ಮುಗಿಸಿ ಬರುವವರಿಗೂ ಒಂದೇ ಚೀಟಿ. ಡನೀಡಿನ್‌ನಲ್ಲಿ ಎಂಐಕ್ಯು ಹೋಟೆಲೇ ಇರಲಿಲ್ಲ. ಇಲ್ಲಿಯವರು ಆಕ್ಲೆಂಡ್‌ನಲ್ಲೋ ಕ್ರೈಸ್ಟ್‌ಚರ್ಚ್‌ನಲ್ಲೋ ದಿನ ಕಳೆದು ಬರಬೇಕಿತ್ತು. ಗ್ರೌಂಡೆಡ್ ಕಿವೀಸ್ ಎಂಬ ಸಂಘಟನೆ ಹೂಡಿದ ದಾವೆಯಲ್ಲಿ ಹೈಕೋರ್ಟಿನ ನ್ಯಾಯಮೂರ್ತಿ ಜಿಲಿಯನ್ ಮ್ಯಾಲನ್ 2022ರ ಏಪ್ರಿಲ್ 27ರಂದು ತೀರ್ಪು ಕೊಟ್ಟರು. ಎಂಐಕ್ಯು ನಿರ್ಮೂಲನ ನೀತಿಯ ಅಗತ್ಯ ಭಾಗವಾಗಿತ್ತು, ಆ ನೀತಿ ಯಶಸ್ವಿಯಾಗಿತ್ತು ಎಂದು ಒಪ್ಪಿದರು. ಆದರೆ 2021ರ ಸೆಪ್ಟೆಂಬರ್ 1ರಿಂದ ಡಿಸೆಂಬರ್ 17ರವರೆಗೆ ಲಾಟರಿಯೂ ತುರ್ತು ಹಂಚಿಕೆಯ ಕಿರಿದಾದ ನಿಯಮಗಳೂ ಸೇರಿ ಪ್ರಜೆಗಳ ಮರಳುವ ಹಕ್ಕನ್ನು ಸಮರ್ಥನೆಯಿಲ್ಲದೆ ಮೊಟಕುಗೊಳಿಸಿದ್ದವು ಎಂದರು. ಒಬ್ಬೊಬ್ಬರ ಪರಿಸ್ಥಿತಿಯನ್ನು, ಎಷ್ಟು ಕಾಲದಿಂದ ಕಾಯುತ್ತಿದ್ದಾರೆ ಎಂಬುದನ್ನು ಆ ವ್ಯವಸ್ಥೆ ತೂಗಲಿಲ್ಲ. ಈ ತೀರ್ಪು ಪ್ರಜೆಗಳಿಗೆ ಸಮಾಧಾನ ಕೊಟ್ಟಿತು. ನಿವಾಸಿಗಳಿಗೆ ಅಂಥ ದಾವೆ ಹೂಡಲು ಹಕ್ಕುಗಳ ಕಾಯಿದೆಯಲ್ಲಿ ಅದೇ ನೆಲೆ ಇಲ್ಲ. ನಮ್ಮ ಸಮುದಾಯದ ನೋವಿನ ದೊಡ್ಡ ಪಾಲು ಯಾವ ತೀರ್ಪಿನಲ್ಲೂ ದಾಖಲಾಗದೆ ಉಳಿಯಿತು.

ಸರ್ಕಾರದ ಪರವಾದ ಮಾತು

ಎದುರು ಪಕ್ಷದ ಮಾತನ್ನೂ ಕೇಳಬೇಕು. 2021ರ ಏಪ್ರಿಲ್‌ನಲ್ಲಿ ಲಸಿಕೆ ಪಡೆದವರು ಬಹಳ ಕಡಿಮೆ. ಭಾರತದ ವಿಮಾನಗಳಿಂದ ಇಳಿದ ಸೋಂಕಿತರ ಸಂಖ್ಯೆ ಹೆಚ್ಚಿತ್ತು. ಹೋಟೆಲಿನಲ್ಲಿ ಸೋಂಕಿತರು ಹೆಚ್ಚಿದಷ್ಟೂ ಸಿಬ್ಬಂದಿಗೆ ತಗಲುವ ಸಾಧ್ಯತೆ ಹೆಚ್ಚು. ಒಂದು ಸೋಂಕು ತಪ್ಪಿಸಿಕೊಂಡರೆ 51 ಲಕ್ಷ ಜನ ಮನೆಯಲ್ಲಿ ಕೂರಬೇಕು. ಆದ್ದರಿಂದ ಎರಡು ವಾರದ ತಡೆ ಅನ್ಯಾಯವೆಂದು ನಾನು ಹೇಳಲಾರೆ. ವ್ಯವಸ್ಥೆಯನ್ನು ಸರಿಪಡಿಸಿಕೊಳ್ಳಲು ಆ ಸಮಯ ಬೇಕಿತ್ತು.

ಆದರೆ ಎರಡು ವಾರದ ತಡೆ ಏಳು ತಿಂಗಳ ವರ್ಗೀಕರಣವಾದಾಗ ಸಮರ್ಥನೆಯೂ ಅಷ್ಟೇ ಗಟ್ಟಿಯಾಗಬೇಕು. ಅಪಾಯವನ್ನು ಸಂಖ್ಯೆಯಿಂದ ಇಳಿಸುವುದಾದರೆ ಸಂಖ್ಯೆಗೇ ಮಿತಿ ಹಾಕಬಹುದಿತ್ತು: ವಾರಕ್ಕೆ ಇಷ್ಟು ಜನ, ಹೊರಡುವ ಮುನ್ನ ಎರಡು ಪರೀಕ್ಷೆ, ಕುಟುಂಬದಿಂದ ಬೇರೆಯಾದವರಿಗೆ ಮೊದಲ ಸ್ಥಾನ. ಹಾಗೆ ಮಾಡದೆ ಪೌರತ್ವವನ್ನು ಜರಡಿಯನ್ನಾಗಿ ಬಳಸಿದರು. ಒಂದೇ ವಿಮಾನದಲ್ಲಿ ಅಕ್ಕಪಕ್ಕ ಕುಳಿತ ಪ್ರಜೆಯೂ ನಿವಾಸಿಯೂ ಸೋಂಕಿನ ದೃಷ್ಟಿಯಿಂದ ಒಂದೇ. ಅವರನ್ನು ಬೇರ್ಪಡಿಸಿದ್ದು ಕಾನೂನಿನ ಅನುಕೂಲ, ಆರೋಗ್ಯ ವಿಜ್ಞಾನವಲ್ಲ. ಅದನ್ನು ಆರೋಗ್ಯದ ಹೆಸರಿನಲ್ಲಿ ಹೇಳಿದ್ದೇ ನಮ್ಮ ಆಕ್ಷೇಪ. 2018ರ ಜನಗಣತಿಯ ಪ್ರಕಾರ ಈ ದೇಶದಲ್ಲಿ ಭಾರತೀಯ ಮೂಲದವರು ಸುಮಾರು 2.4 ಲಕ್ಷ. ಅದೇ 2021ರಲ್ಲಿ, ಭಾರತದ ಅನೇಕರು ಹೊರಗೆ ಸಿಕ್ಕಿಬಿದ್ದಿದ್ದಾಗಲೇ, ಸರ್ಕಾರ ಒಂದು ಬಾರಿಯ ವಿಶೇಷ ನಿವಾಸಿ ವೀಸಾ ಪ್ರಕಟಿಸಿ ಸೆಪ್ಟೆಂಬರ್ 29ರಂದು ದೇಶದೊಳಗೆ ಇದ್ದುದನ್ನು ಮುಖ್ಯ ಅರ್ಹತೆಯಾಗಿಸಿತು. ಹೊರಗಿದ್ದವರಲ್ಲಿ ಬಹಳ ಮಂದಿಗೆ ಆ ಅವಕಾಶವೂ ಸಿಗಲಿಲ್ಲ. ಒಂದು ಗೆರೆ ಇನ್ನೊಂದು ಗೆರೆಯನ್ನು ಹುಟ್ಟಿಸುವುದು ಹೀಗೆ.

ಮುಂದಿನ ರೂಪಾಂತರಿಗೆ ಮುನ್ನ

ಸಾಂಕ್ರಾಮಿಕ ರೋಗಗಳು ಬಿಟ್ಟುಹೋದ ನಂತರ ಊರುಗಳು ಬದಲಾಗುತ್ತವೆ. 1898ರ ಪ್ಲೇಗ್ ಬೆಂಗಳೂರಿನ ಪೇಟೆಯ ಇಕ್ಕಟ್ಟಿನಿಂದ ಜನರನ್ನು ಮಲ್ಲೇಶ್ವರ, ಬಸವನಗುಡಿಗಳ ಅಗಲವಾದ ಬೀದಿಗಳತ್ತ ಕಳುಹಿಸಿತು. ಕೋವಿಡ್ ನಂತರ ನ್ಯೂಜಿಲೆಂಡ್ ಏನನ್ನು ಬದಲಾಯಿಸಿಕೊಂಡಿತು? ಟೋನಿ ಬ್ಲೇಕ್ಲಿ ನೇತೃತ್ವದ ರಾಯಲ್ ಆಯೋಗದ ಮೊದಲ ಹಂತದ ವರದಿ 2024ರ ನವೆಂಬರ್‌ನಲ್ಲಿ ಹೊರಬಂತು. ನಿರ್ಮೂಲನ ನೀತಿ ಜೀವ ಉಳಿಸಿತು ಎಂದು ಅದು ಹೇಳಿತು. ಕೆಲವು ಕಡ್ಡಾಯ ಕ್ರಮಗಳು ಅಗತ್ಯಕ್ಕಿಂತ ಹೆಚ್ಚು ಕಾಲ ಉಳಿದವು ಎಂದೂ ಹೇಳಿತು. ಜನರ ನಂಬಿಕೆ ಸವೆದದ್ದನ್ನು ಅದು ಗಂಭೀರವಾಗಿ ತೆಗೆದುಕೊಂಡಿತು.

ಆ ಚರ್ಚೆಗೆ ನಮ್ಮ ಸಮುದಾಯ ಮೂರು ಮಾತು ಸೇರಿಸಬೇಕು ಎಂಬುದು ನನ್ನ ಅಭಿಪ್ರಾಯ. ಮೊದಲನೆಯದು, ಗಡಿಯ ನಿಯಮ ಪ್ರಯಾಣಿಕನ ಸೋಂಕಿನ ಅಪಾಯವನ್ನು ಅಳೆಯಬೇಕು. ದೇಶದ ಹೆಸರು ಆ ಅಳತೆಯ ಒಂದು ಅಂಶವಾಗಬಹುದು, ಅದೊಂದೇ ಅಲ್ಲ. ಎರಡನೆಯದು, ಇಲ್ಲಿ ಮನೆ ಮಾಡಿ, ಇಲ್ಲಿ ಮತ ಹಾಕುವ ಖಾಯಂ ನಿವಾಸಿಗೆ ಮರಳುವ ಹಕ್ಕು ಕಾನೂನಿನಲ್ಲಿ ಇರಬೇಕು. ತುರ್ತುಕಾಲದಲ್ಲಿ ಅದಕ್ಕೆ ಮಿತಿ ಹಾಕಬಹುದು, ಆದರೆ ಮಿತಿಗೆ ಕಾರಣವನ್ನೂ ಕೊನೆಯ ದಿನಾಂಕವನ್ನೂ ಬರೆದು ಕೊಡಬೇಕು. ಮೂರನೆಯದು, ರೂಪಾಂತರಿಯನ್ನು ಮೊದಲು ಗುರುತಿಸಿ ಹೇಳುವ ದೇಶಕ್ಕೆ ದಂಡದ ಬದಲು ಲಸಿಕೆ, ಪರೀಕ್ಷೆ, ಹಣದ ನೆರವು ಹೋಗಬೇಕು.

ಇದನ್ನು ಹೇಳುವುದರಿಂದ ನಾವು ಈ ದೇಶಕ್ಕೆ ಕೃತಘ್ನರಾಗುವುದಿಲ್ಲ. ಎಂಐಕ್ಯು ಹೋಟೆಲುಗಳಲ್ಲಿ ದುಡಿದ ದಾದಿಯರಲ್ಲಿ, ಪ್ರಯೋಗಾಲಯಗಳಲ್ಲಿ ರಾತ್ರಿ ಕುಳಿತವರಲ್ಲಿ, ವೃದ್ಧಾಶ್ರಮಗಳಲ್ಲಿ ಸೇವೆ ಮಾಡಿದವರಲ್ಲಿ ಭಾರತೀಯರು ಅನೇಕರಿದ್ದರು; ಅವರ ಕೆಲಸದಿಂದಲೂ ಈ ದೇಶ ಉಳಿಯಿತು. ಬಾಗಿಲು ಕಾದವರಲ್ಲಿ ನಾವೂ ಇದ್ದೆವು, ಬಾಗಿಲ ಹೊರಗೆ ನಿಂತವರಲ್ಲಿಯೂ ನಾವಿದ್ದೆವು. ಮುಂದಿನ ಬಾರಿ ನಿಯಮ ಬರೆಯುವ ಮೇಜಿನ ಸುತ್ತ ಈ ಎರಡೂ ಅನುಭವವಿರುವವರು ಕುಳಿತಿರಬೇಕು. ಅದಕ್ಕಾಗಿ ಸರ್ಕಾರ ಸಲಹೆ ಕೇಳಿದಾಗಲೆಲ್ಲ ಬರೆದು ಕಳುಹಿಸುವುದು, ಮತ ಹಾಕುವುದು, ಸ್ಥಳೀಯ ಆರೋಗ್ಯ ಸಮಿತಿಗಳಲ್ಲಿ ಭಾಗವಹಿಸುವುದು ನಮ್ಮ ಪಾಲಿನ ಕೆಲಸ. ರೋಗ ಇಲ್ಲದ ಕಾಲದಲ್ಲಿ ಬರೆದ ನಿಯಮವೇ ರೋಗ ಬಂದ ಕಾಲದಲ್ಲಿ ನ್ಯಾಯವಾಗಿ ನಡೆಯುತ್ತದೆ.